ರೆಫರಿಯ ಕೈಸನ್ನೆ ಅವಸರದ ಕೆಲಸವಲ್ಲ

ಮಾನ್ಯ ಸಂಪಾದಕರೇ,

2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನವು 2028ರ ಲಾಸ್ ಏಂಜಲೀಸ್ ಕೂಟಕ್ಕೆ ಐದು ಆಟಗಳನ್ನು ಸೇರಿಸಿತು. ಕ್ರಿಕೆಟ್ ಬಂತೆಂದು ನಾವೆಲ್ಲ ಹಿಗ್ಗಿದೆವು. ಅದೇ ಪಟ್ಟಿಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಕೂಡ ಇತ್ತು. ನಮ್ಮಲ್ಲಿ ಅದರ ಮಾತು ಅಷ್ಟಾಗಿ ಬರಲಿಲ್ಲ. ಅಮೆರಿಕನ್ ಫುಟ್‌ಬಾಲಿನ ಕಿರಿಯ ರೂಪ ಇದು. ತಂಡಕ್ಕೆ ಐದೇ ಜನ, ಹೆಲ್ಮೆಟ್ ಇಲ್ಲ, ಮೈಮೇಲೆ ಬಿದ್ದು ಕೆಡವುವಂತಿಲ್ಲ, ಚೆಂಡು ಹಿಡಿದವನ ಸೊಂಟದ ಪಟ್ಟಿಯಿಂದ ಬಾವುಟ ಕಿತ್ತರೆ ಆಟ ನಿಂತಂತೆ. ಆದರೆ ತೀರ್ಪುಗಾರರ ಕೈಸನ್ನೆಗಳು ಬಹುಪಾಲು ದೊಡ್ಡ ಆಟದವೇ. 2028 ಹತ್ತಿರವಾದಂತೆ ಕನ್ನಡ ಪತ್ರಿಕೆಗಳು ಈ ಆಟವನ್ನು ಓದುಗರಿಗೆ ಪರಿಚಯಿಸಲೇಬೇಕಾಗುತ್ತದೆ. ಹಾಗೆ ಪರಿಚಯಿಸುವಾಗ ಸನ್ನೆಗಳ ಚಿತ್ರಪಟವೊಂದನ್ನು ಅಚ್ಚುಹಾಕಿ ಕೈತೊಳೆದುಕೊಳ್ಳಬಾರದು ಎಂದು ಹೇಳುವುದಕ್ಕೇ ಈ ಪತ್ರ.

ಚಿತ್ರಪಟದಲ್ಲಿ ಕೈ ಎಲ್ಲಿದೆ ಎಂಬುದಷ್ಟೇ ಕಾಣುತ್ತದೆ. ಎಷ್ಟು ಹೊತ್ತು ಅಲ್ಲಿ ನಿಂತಿರಬೇಕು, ಎಷ್ಟು ಸಲ ಆಡಬೇಕು, ಅದಕ್ಕೆ ಮುಂಚೆ ಯಾವ ಸನ್ನೆ ಬರಬೇಕು, ಯಾರ ಕಡೆ ಮುಖ ಮಾಡಬೇಕು, ಮುಖ್ಯವಾಗಿ ಯಾರು ಕೈ ಎತ್ತಬಾರದು, ಇವು ಯಾವುವೂ ಅದರಲ್ಲಿಲ್ಲ. ಅಮೆರಿಕದ ತೀರ್ಪುಗಾರರು ಇದಕ್ಕೆಲ್ಲ ಸೇರಿಸಿ ‘ಮೆಕ್ಯಾನಿಕ್ಸ್’ ಎನ್ನುತ್ತಾರೆ. ನಿಯಮ ಪುಸ್ತಕ ಬಾಯಿಪಾಠವಾಗಿದ್ದೂ ಮೆಕ್ಯಾನಿಕ್ಸ್ ಗೊತ್ತಿಲ್ಲದ ರೆಫರಿ ಮೈದಾನದಲ್ಲಿ ಗೊಂದಲವನ್ನೇ ಹಂಚುತ್ತಾನೆ.

ಕೈಸನ್ನೆ ಯಾರಿಗಾಗಿ ಎಂಬುದನ್ನು ಮೊದಲು ತಿಳಿಯಬೇಕು. ಪ್ರೇಕ್ಷಕರಿಗಾಗಿ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಅವರಿಗಿಂತ ಮೊದಲು ಅದು ತಲುಪಬೇಕಾದ್ದು ಮೇಲಿನ ಪತ್ರಕರ್ತರ ಕೋಣೆಯಾದ ಪ್ರೆಸ್ ಬಾಕ್ಸಿನಲ್ಲಿ ಕೂತು ಗಡಿಯಾರ ನಡೆಸುವವನಿಗೆ, ಚೆಂಡು ಎಷ್ಟು ಮುಂದೆ ಸಾಗಿತೆಂದು ಅಳೆಯಲು ಅಂಚಿನಲ್ಲಿ ಹತ್ತು ಗಜದ ಸರಪಳಿ ಹಿಡಿದು ನಿಂತವರಿಗೆ, ಮೈದಾನದ ಇನ್ನೊಂದು ಬದಿಯಲ್ಲಿರುವ ಸಹ ತೀರ್ಪುಗಾರನಿಗೆ. ಸಾವಿರಾರು ಜನ ಕೂಗುವ ಕಡೆ ಬಾಯಿಮಾತು ಇವರಿಗೆ ಮುಟ್ಟುವುದಿಲ್ಲ. 1941ರ ವೇಳೆಗೂ ಫೌಲ್ ಆದರೆ ತೀರ್ಪುಗಾರರು ಹಾರ್ನ್ ಊದುತ್ತಿದ್ದರು, ಗದ್ದಲದಲ್ಲಿ ಅದು ಮುಳುಗಿಹೋಗುತ್ತಿತ್ತು. ಓಹಾಯೊದ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡ್ವೈಟ್ ಬೀಡ್ ಅದಕ್ಕೊಂದು ಉಪಾಯ ಹುಡುಕಿದರು. ಅವರ ಪತ್ನಿ ಹೊಲಿದುಕೊಟ್ಟ, ತೂಕ ಕಟ್ಟಿದ ಬಟ್ಟೆಯ ತುಂಡನ್ನು ಆ ವರ್ಷದ ಅಕ್ಟೋಬರ್ 17ರಂದು ಒಕ್ಲಹೋಮ ಸಿಟಿ ವಿಶ್ವವಿದ್ಯಾಲಯದ ಎದುರಿನ ಪಂದ್ಯದಲ್ಲಿ ತೀರ್ಪುಗಾರರು ಮೊದಲ ಬಾರಿಗೆ ನೆಲಕ್ಕೆ ಎಸೆದರು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಅದನ್ನು 1948ರಲ್ಲಿ ಒಪ್ಪಿಕೊಂಡಿತು. ತೀರ್ಪುಗಾರರ ‘ಫ್ಲ್ಯಾಗ್’ ಎಂದರೆ ಈ ಬಟ್ಟೆಯೇ. ಬಹುಕಾಲ ಬಿಳಿಯಾಗಿದ್ದ ಅಲ್ಲಿನ ಫ್ಲ್ಯಾಗ್ 1965ರಲ್ಲಿ ಹಳದಿಯಾಯಿತು. ರೆಫರಿಗೆ ತಂತಿಯಿಲ್ಲದ ಮೈಕ್ ಬಂದದ್ದು 1975ರಲ್ಲಿ. ಅಮೆರಿಕದ ಶಾಲಾ ಮೈದಾನಗಳಲ್ಲಿ ಇವತ್ತಿಗೂ ಹೆಚ್ಚಿನ ಕಡೆ ಆ ಮೈಕ್ ಇಲ್ಲ. ಶುಕ್ರವಾರ ರಾತ್ರಿಯ ಪಂದ್ಯದಲ್ಲಿ ರೆಫರಿ ಹೇಳಬೇಕಾದ್ದನ್ನೆಲ್ಲ ಕೈಯಿಂದಲೇ ಹೇಳಬೇಕು. ಮೈಕ್ ಇದ್ದರೂ ಅದು ಕೈಕೊಡಬಹುದು. ಸೊಂಟದಲ್ಲಿರುವ ಅದರ ಗುಂಡಿಯನ್ನು ಮಾತಿಗೆ ಮುಂಚೆ ಒತ್ತಲು ಮರೆತರೆ ಘೋಷಣೆ ಯಾರಿಗೂ ಕೇಳುವುದಿಲ್ಲ, ಮಾತಾದ ಮೇಲೆ ಆರಿಸಲು ಮರೆತರೆ ಕೇಳಬಾರದ್ದೆಲ್ಲ ಕೇಳುತ್ತದೆ.

ಕ್ರಿಕೆಟ್ ಬಲ್ಲ ಕನ್ನಡಿಗರಿಗೆ ಇಲ್ಲೊಂದು ಅನುಕೂಲವೂ ಇದೆ, ತೊಡಕೂ ಇದೆ. ಅಂಪೈರ್ ಎರಡೂ ತೋಳು ಅಗಲಿಸಿದರೆ ನಮಗೆ ವೈಡ್; ಅದೇ ಆಕಾರ, ಅಂಗೈ ಕೆಳಮುಖ, ಅಮೆರಿಕನ್ ಫುಟ್‌ಬಾಲಿನಲ್ಲಿ ಅಸಭ್ಯ ನಡವಳಿಕೆಯ ಫೌಲ್, 15 ಗಜದ ದಂಡ. ಎರಡೂ ಕೈ ತಲೆಯ ಮೇಲೆ ಹೋದರೆ ನಮಗೆ ಸಿಕ್ಸರ್, ಅಲ್ಲಿ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಗೋಲ್ ರೇಖೆಗೆ ಮುಟ್ಟಿಸಿ ಗಳಿಸುವ ಅಂಕ. ಬೈ ಕೊಡುವಾಗ ಎತ್ತುವ ಒಂದೇ ಕೈ ಅಲ್ಲಿ ಚೆಂಡು ‘ಸತ್ತಿದೆ’ ಎಂಬುದರ ಗುರುತು. ಮೊಣಕೈ ಅಗಲಿಸಿ ಮುಂಗೈಗಳನ್ನು ಒಂದರ ಸುತ್ತ ಒಂದು ಉರುಳಿಸುವುದು ಬ್ಯಾಸ್ಕೆಟ್‌ಬಾಲ್ ಆಡಿದವರಿಗೆ ಟ್ರಾವೆಲಿಂಗ್, ಇಲ್ಲಿ ಫಾಲ್ಸ್ ಸ್ಟಾರ್ಟ್, ಅಂದರೆ ಚೆಂಡು ಹೊಂದಿರುವ ದಾಳಿ ತಂಡದವರು ಆಟ ಶುರುವಾಗುವ ಮುನ್ನವೇ ಕದಲಿದ ತಪ್ಪು. ಆಕಾರಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಕ್ರಿಕೆಟಿನಲ್ಲಿ ಅಂಪೈರ್ ಸನ್ನೆ ಮಾಡಿದ ಮೇಲೆ ಸ್ಕೋರರ್ ಅದನ್ನು ಕಂಡೆನೆಂದು ಮರುಸನ್ನೆ ಕೊಡುವ ತನಕ ಆಟ ಮುಂದುವರಿಯಕೂಡದು ಎಂದು ನಿಯಮವೇ ಹೇಳುತ್ತದೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಹಾಗೆ ಒಪ್ಪಿಗೆ ಕೊಡುವವರು ಯಾರೂ ಇಲ್ಲ. ಮೊದಲ ಸಲವೇ ಓದುವಂತಿರಬೇಕು, ತಪ್ಪಿದರೆ ತಪ್ಪಿತು. ಅಲ್ಲಿನ ಸನ್ನೆಗಳು ಕ್ರಿಕೆಟಿನವುಗಳಿಗಿಂತ ಬಿರುಸಾಗಿ, ದೊಡ್ಡದಾಗಿ, ನಿಂತು ನಿಂತು ಬರುವುದಕ್ಕೆ ಇದೇ ಕಾರಣ.

ಇನ್ನು ನಿಲುವು. ಬಿಳಿ ಟೋಪಿಯವರೇ ರೆಫರಿ, ಅಂದರೆ ಮುಖ್ಯ ತೀರ್ಪುಗಾರ. ಉಳಿದವರದು ಕಪ್ಪು ಟೋಪಿ. ಫೌಲ್ ಘೋಷಿಸುವ ಮುನ್ನ ರೆಫರಿ ಆಟಗಾರರ ಗುಂಪಿನಿಂದ ಹತ್ತಾರು ಹೆಜ್ಜೆ ದೂರ ಬರಬೇಕು. ಬೆನ್ನ ಹಿಂದೆ, ಅಕ್ಕಪಕ್ಕ ಯಾರೂ ಇರಬಾರದು. ಬಣ್ಣದ ಜೆರ್ಸಿಗಳ ಮುಂದೆ ಕಪ್ಪು-ಬಿಳಿ ಪಟ್ಟೆಯ ತೋಳು ಕರಗಿಹೋಗುತ್ತದೆ. ಪ್ರೆಸ್ ಬಾಕ್ಸಿಗೆ ನೇರ ಎದುರಾಗಿ ಎರಡೂ ಪಾದ ನೆಲಕ್ಕೂರಿ ನಿಂತು, ಒಂದು ಉಸಿರು ಬಿಟ್ಟು, ಆಮೇಲೆ ಕೈ ಎತ್ತಬೇಕು. ನಡೆಯುತ್ತಾ ಸನ್ನೆ ಮಾಡುವುದು ಹೊಸಬರ ಮೊದಲ ತಪ್ಪು. ಹೆಜ್ಜೆಯ ಕುಲುಕಾಟ ತೋಳಿಗೆ ಏರಿ ನಿಶ್ಚಲವಾಗಿರಬೇಕಾದ ಕೈಯೂ ಆಡಿದಂತೆ ಕಾಣುತ್ತದೆ, ಮತ್ತು ಈ ಆಟದಲ್ಲಿ ಆಡುವ ಕೈಗೂ ನಿಂತ ಕೈಗೂ ಅರ್ಥ ಬೇರೆ. ಬೆರಳುಗಳು ಕೂಡಿರಬೇಕು, ಮೊಣಕೈ ನೆಟ್ಟಗಿರಬೇಕು. ಸನ್ನೆ ಪೂರ್ತಿ ತಲುಪಿದ ಜಾಗದಲ್ಲಿ ಮನಸ್ಸಿನಲ್ಲೇ ‘ಒಂದು, ಎರಡು’ ಎಣಿಸುವಷ್ಟು ಹೊತ್ತು ನಿಲ್ಲಿಸಿ, ಕೈಯನ್ನು ಪೂರ್ತಿ ಕೆಳಗಿಳಿಸಿ, ಮುಂದಿನದನ್ನು ಆರಂಭಿಸಬೇಕು. ಕೈಯನ್ನು ತಾನೇ ನೋಡಿಕೊಳ್ಳಬಾರದು. ಕಣ್ಣು ಪ್ರೆಸ್ ಬಾಕ್ಸಿನ ಮೇಲಿರಲಿ. ಹೊಟ್ಟೆಯ ಹತ್ತಿರ ಚಿಕ್ಕದಾಗಿ ಉರುಳಿಸಿದ ಫಾಲ್ಸ್ ಸ್ಟಾರ್ಟ್ ಮೂವತ್ತು ಗಜದಾಚೆ ಏನೂ ಅಲ್ಲ. ಮುಂಗೈಗಳು ನೆಲಕ್ಕೆ ಸಮಾಂತರವಾಗಿ, ಎದೆಯ ಮಟ್ಟದಲ್ಲಿ, ಮೈಯಿಂದ ಒಂದು ಗೇಣು ಮುಂದೆ ಎರಡು ಮೂರು ಸುತ್ತು ಸುತ್ತಿದರೆ ಸಾಕು. ಐದಾರು ಸುತ್ತು ಸುತ್ತುವವರಿದ್ದಾರೆ, ಅದರಿಂದ ಸ್ಪಷ್ಟತೆ ಹೆಚ್ಚುವುದಿಲ್ಲ, ಗಾಬರಿ ಕಾಣುತ್ತದೆ.

ಹೋಲ್ಡಿಂಗ್, ಅಂದರೆ ಎದುರಾಳಿಯನ್ನು ನಿಯಮ ಮೀರಿ ಹಿಡಿದುಕೊಂಡ ತಪ್ಪಿನ ಸನ್ನೆಯಲ್ಲಿ ಒಂದು ಕೈ ಮುಷ್ಟಿಯಾಗಿ ಎದೆಯ ಮುಂದೆ ನಿಲ್ಲುತ್ತದೆ, ಇನ್ನೊಂದು ಕೈ ಅದರ ಮಣಿಕಟ್ಟನ್ನು ಹಿಡಿಯುತ್ತದೆ. ಇದನ್ನು ಸೊಂಟದ ಕೆಳಗೆ ಮಾಡಿದರೆ ಗಡಿಯಾರ ಸರಿಮಾಡಿಕೊಳ್ಳುತ್ತಿರುವಂತೆ ಕಾಣುತ್ತದೆ. ಪಾಸ್ ಹಿಡಿಯುವವನಿಗೆ ಅಡ್ಡಿಮಾಡಿದ ಪಾಸ್ ಇಂಟರ್‌ಫಿಯರೆನ್ಸ್‌ಗೆ ಎರಡೂ ಅಂಗೈ ಹೊರಮುಖವಾಗಿ, ಬೆರಳು ಮೇಲಾಗಿ, ಭುಜದಿಂದ ಮುಂದಕ್ಕೆ ತಳ್ಳುವುದು. ಇಲ್ಲಿ ಮೊಣಕೈ ಅರ್ಧಕ್ಕೇ ನಿಂತರೆ ‘ಸ್ವಲ್ಪ ತಾಳಿ’ ಎಂದಂತಾಗುತ್ತದೆ. ತೋಳು ಪೂರ್ತಿ ಚಾಚಬೇಕು.

ಕೆಲವು ಸನ್ನೆಗಳು ಮನುಷ್ಯನ ಸಹಜ ಭಂಗಿಗಳೇ ಆಗಿರುವುದು ಈ ಆಟದ ದೊಡ್ಡ ಬಲೆ. ಆಫ್‌ಸೈಡ್ (ಆಟ ಆರಂಭವಾಗುವಾಗ ಗೆರೆ ದಾಟಿ ನಿಂತದ್ದು) ಎಂದರೆ ಎರಡೂ ಕೈ ಸೊಂಟದ ಮೇಲೆ. ಡಿಲೇ ಆಫ್ ಗೇಮ್ (ಆಟ ತಡಮಾಡಿದ್ದು) ಎಂದರೆ ಎದೆಯ ಮುಂದೆ ಕೈಕಟ್ಟಿ ನಿಲ್ಲುವುದು. ಬಲಗೈ ಟೋಪಿ ಮುಟ್ಟಿದರೆ, ಮುಂದೆ ಹೋಗಬಾರದ ಆಟಗಾರ ಪಾಸ್ ವೇಳೆ ಮುಂದೆ ಹೋಗಿದ್ದಾನೆಂದು ಅರ್ಥ. ಎರಡೂ ಕೈ ತಲೆಯ ಹಿಂದೆ ಹೋದರೆ ದಾಳಿ ತಂಡ ಒಂದು ಡೌನ್, ಅಂದರೆ ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದನ್ನು ಕಳೆದುಕೊಂಡಿದೆ. ಎರಡೂ ಕೈಗಳ ಬೆರಳ ತುದಿ ಭುಜ ಮುಟ್ಟಿದರೆ ಇಲ್ಲೀಗಲ್ ಟಚಿಂಗ್, ಅಂದರೆ ಮುಟ್ಟಬಾರದವನು ಚೆಂಡು ಮುಟ್ಟಿದ್ದಾನೆ. ಟೈಮ್‌ಔಟ್ ನಡೆಯುವಾಗ ಸುಸ್ತಾಗಿ ಸೊಂಟಕ್ಕೆ ಕೈಕೊಟ್ಟು ನಿಂತ ರೆಫರಿಯನ್ನು ದೂರದಿಂದ ನೋಡಿದವರು ಆಫ್‌ಸೈಡ್ ಕೊಟ್ಟರೆಂದೇ ತಿಳಿಯಬಹುದು. ಆಟವಿಲ್ಲದಾಗಲೂ ಕೈಗಳು ಪಕ್ಕದಲ್ಲಿ ಸಡಿಲವಾಗಿ ಇಳಿದಿರಬೇಕು ಎಂದು ತರಬೇತಿಯಲ್ಲಿ ಮತ್ತೆ ಮತ್ತೆ ಹೇಳುವುದು ಇದಕ್ಕೇ. ಸುಮ್ಮನಿರುವಾಗ ಕೈ ಏನೂ ಹೇಳದಂತೆ ಇಟ್ಟುಕೊಳ್ಳುವುದು ಕಲಿಯಲು ಎಲ್ಲಕ್ಕಿಂತ ಕಷ್ಟವಾದ ಮೆಕ್ಯಾನಿಕ್ಸ್.

ಈಗ ಫೌಲ್ ಘೋಷಣೆಯ ಕ್ರಮ. ಫ್ಲ್ಯಾಗ್ ಎಸೆದ ತೀರ್ಪುಗಾರ ರೆಫರಿಯ ಬಳಿ ಬಂದು ನಾಲ್ಕು ಸಂಗತಿ ಹೇಳಬೇಕು: ಯಾವ ಫೌಲ್, ಯಾವ ತಂಡದ ಎಷ್ಟನೇ ಸಂಖ್ಯೆಯ ಆಟಗಾರ, ಎಲ್ಲಿ ಆಯಿತು, ಆಗ ಚೆಂಡು ಯಾರ ಬಳಿ ಅಥವಾ ಯಾವ ಸ್ಥಿತಿಯಲ್ಲಿತ್ತು. ಅವನು ಪ್ರೇಕ್ಷಕರತ್ತ ತಿರುಗಿ ತಾನೇ ಸನ್ನೆ ತೋರಿಸಬಾರದು. ಆ ಹಕ್ಕು ರೆಫರಿಯದು. ಮೈಕ್ ಇಲ್ಲದ ಶಾಲಾ ಪಂದ್ಯದಲ್ಲಿ ರೆಫರಿ ಎರಡು ಸಲ ಸನ್ನೆ ಮಾಡುತ್ತಾನೆ. ವರದಿ ಕೇಳಿದ ಕೂಡಲೇ ಒಮ್ಮೆ, ಎರಡೂ ಕಡೆಯ ಕೋಚ್‌ಗಳಿಗೆ ವಿಷಯ ತಿಳಿಯಲೆಂದು. ದಂಡದ ಗಜಗಳನ್ನು ಅಂಪೈರ್ (ಈ ಆಟದಲ್ಲಿ ರೆಫರಿಯ ಸಹ ತೀರ್ಪುಗಾರರಲ್ಲೊಬ್ಬ) ಹೆಜ್ಜೆ ಹಾಕಿ ಅಳೆದು ಚೆಂಡಿಟ್ಟ ಮೇಲೆ ಇನ್ನೊಮ್ಮೆ, ಪ್ರೆಸ್ ಬಾಕ್ಸಿಗೆ. ಎರಡನೆಯದನ್ನು ನುಂಗಿಬಿಟ್ಟರೆ ತಂಡವು ದಂಡವನ್ನು ಒಪ್ಪಿಕೊಂಡಿತೋ ಬಿಟ್ಟುಕೊಟ್ಟಿತೋ ಮೇಲೆ ಕೂತವರಿಗೆ ತಿಳಿಯುವುದೇ ಇಲ್ಲ.

ಸನ್ನೆಗಳೊಳಗೂ ಒಂದು ವ್ಯಾಕರಣವಿದೆ. ಚೆಂಡು ಸತ್ತ ಮೇಲೆ ಆದ ಫೌಲ್ ಆದರೆ ಮೊದಲು ಒಂದು ಕೈ ನೆಟ್ಟಗೆ ಎತ್ತಿ ಅದನ್ನು ಹೇಳಬೇಕು. ಆಮೇಲೆ ಫೌಲ್. ಆಮೇಲೆ ತಪ್ಪು ಮಾಡಿದ ತಂಡ ಕಾಯುತ್ತಿರುವ ಗೋಲ್ ರೇಖೆಯತ್ತ ತೋಳು ಚಾಚಬೇಕು. ಡೌನ್ ನಷ್ಟವಿದ್ದರೆ ಅದು, ಹೊಸ ಫಸ್ಟ್ ಡೌನ್ (ನಾಲ್ಕು ಯತ್ನಗಳ ಹೊಸ ಸರದಿ) ಸಿಕ್ಕಿದ್ದರೆ ಅದು. ಕೊನೆಗೆ ಮುಂದಿನ ಡೌನ್ ಎಷ್ಟನೆಯದೆಂದು ಬೆರಳಲ್ಲಿ. ರಕ್ಷಣಾ ತಂಡ ತಪ್ಪು ಮಾಡಿ ದಾಳಿ ತಂಡಕ್ಕೆ ಫಸ್ಟ್ ಡೌನ್ ಸಿಕ್ಕಾಗ ಎಚ್ಚರ ಹೆಚ್ಚು ಬೇಕು. ತಪ್ಪಿತಸ್ಥರ ಕಡೆ ತೋರುವ ದಿಕ್ಕೂ, ಫಸ್ಟ್ ಡೌನ್ ಎಂದು ಮುಂದಕ್ಕೆ ತೋರುವ ದಿಕ್ಕೂ ಆಗ ಒಂದೇ. ನಡುವೆ ಕೈ ಕೆಳಗಿಳಿಸದೆ ಎರಡನ್ನೂ ಒಂದೇ ಬೀಸಿನಲ್ಲಿ ಮುಗಿಸಿದರೆ ನೋಡುವವರು ಒಂದನ್ನು ಮಾತ್ರ ಓದುತ್ತಾರೆ. ಸರಪಳಿಯವರು ಕದಲದೆ ನಿಂತಿರುತ್ತಾರೆ. ತಂಡ ದಂಡ ಬೇಡವೆಂದರೆ ಫೌಲ್ ತೋರಿಸಿ, ತಂಡ ತೋರಿಸಿ, ಆಮೇಲೆ ಅಂಗೈ ಕೆಳಮುಖವಾಗಿ ಎರಡೂ ತೋಳುಗಳನ್ನು ಸೊಂಟದ ಮಟ್ಟದಲ್ಲಿ ಅಡ್ಡಡ್ಡ ಬೀಸಬೇಕು.

ಒಂದು ಸನ್ನೆ ಬಿಟ್ಟುಹೋದರೆ ಹತ್ತು ಗಜವೇ ಆಚೀಚೆಯಾಗಿ ಕಾಣುವ ಸಂದರ್ಭಗಳಿವೆ. ಕಾಲು ಬೀಸಿದರೆ ಚೆಂಡು ಒದೆಯುವ ಕಿಕ್ಕರ್‌ಗೆ ತಾಗಿದ್ದಾರೆ, 5 ಗಜ. ಮೊದಲು ತಲೆಯ ಮೇಲೆ ಒಂದು ಮಣಿಕಟ್ಟಿನಿಂದ ಇನ್ನೊಂದಕ್ಕೆ ಬಡಿದು ಆಮೇಲೆ ಕಾಲು ಬೀಸಿದರೆ ಕಿಕ್ಕರ್‌ಗೆ ಒರಟಾಗಿ ಗುದ್ದಿದ್ದಾರೆ, 15 ಗಜ. ಮಣಿಕಟ್ಟಿನ ಆ ಬಡಿತ ಪರ್ಸನಲ್ ಫೌಲ್ ಎಂಬುದರ ಗುರುತು, ಮುಂದಿನ ಸನ್ನೆ ಅದು ಯಾವ ಬಗೆಯದೆಂದು ಹೇಳುತ್ತದೆ. ಬಡಿದು ಚೆಂಡೆಸೆಯುವಂತೆ ತೋಳು ಬೀಸಿದರೆ ಪಾಸ್ ಎಸೆದವನ ಮೇಲಿನ ಒರಟುತನ. ಮುಖಕವಚ ಹಿಡಿದದ್ದಕ್ಕೆ ಮುಖದ ಮುಂದೆ ಮುಷ್ಟಿ ಕಟ್ಟಿ ಕೆಳಗೆಳೆಯುವ ಸನ್ನೆ. ಶಾಲಾ ನಿಯಮದಲ್ಲಿ ಅದೊಂದೇ ಬಂದರೆ ಅರಿಯದೆ ಹಿಡಿದದ್ದು, 5 ಗಜ. ಮೊದಲು ಮಣಿಕಟ್ಟು ಬಡಿದು ಬಂದರೆ ಎಳೆದು ತಿರುಚಿದ್ದು, 15 ಗಜ. ಎನ್‌ಎಫ್‌ಎಲ್ ಮತ್ತು ಕಾಲೇಜು ಆಟಗಳು ಈ 5 ಗಜದ ಮುಖಕವಚ ಫೌಲನ್ನು 2008ರಲ್ಲೇ ಕೈಬಿಟ್ಟಿವೆ. ಟೆಕ್ಸಾಸಿನ ಶಾಲೆಗಳು ಕಾಲೇಜು ನಿಯಮದಂತೆ ಆಡುತ್ತವೆ, ಆದ್ದರಿಂದ ಡಲ್ಲಾಸಿನಲ್ಲಿ ಮಗನ ಪಂದ್ಯ ನೋಡುವ ಕನ್ನಡಿಗರೂ ನ್ಯೂಜೆರ್ಸಿಯಲ್ಲಿ ನೋಡುವವರೂ ಒಂದೇ ಸನ್ನೆಗೆ ಬೇರೆ ಬೇರೆ ದಂಡ ಕಂಡರೆ ಅದು ರೆಫರಿಯ ತಪ್ಪಲ್ಲ. ಇನ್ನೊಂದು ಜೋಡಿ: ಸ್ನ್ಯಾಪ್ ಆಗುವಾಗ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಆರಂಭಿಸುವಾಗ) ಒಬ್ಬ ಆಟಗಾರ ನಿಯಮ ಮೀರಿ ಚಲಿಸುತ್ತಿದ್ದ ತಪ್ಪಿಗೆ ಒಂದೇ ತೋಳು ಎದೆಯಿಂದ ಹೊರಕ್ಕೆ ಕಮಾನಾಗಿ ಬೀಸುತ್ತದೆ, ಇಬ್ಬರು ಅಥವಾ ಹೆಚ್ಚು ಜನ ಜಾಗ ಬದಲಿಸಿ ನಿಲ್ಲದಿದ್ದರೆ ಎರಡೂ ತೋಳು.

ಫೌಲ್ ಸನ್ನೆ ತಪ್ಪಿದರೆ ಅದನ್ನು ತಿದ್ದಿ ಹೇಳಬಹುದು. ಗಡಿಯಾರದ ಸನ್ನೆ ತಪ್ಪಿದರೆ ಹೋದ ಕ್ಷಣಗಳನ್ನು ಲೆಕ್ಕಹಾಕಿ ಹಿಂದಕ್ಕೆ ತರುವುದು ಬಲುಕಷ್ಟ. ಗಡಿಯಾರ ನಡೆಸುವವನು ನಿಯಮ ನೋಡುವುದಿಲ್ಲ, ಕೈ ನೋಡುತ್ತಾನೆ. ತೋಳು ಮೈಯ ಪಕ್ಕದಲ್ಲಿ ಪೂರ್ಣ ವೃತ್ತವಾಗಿ ಸುತ್ತಿದರೆ ಓಡಿಸುತ್ತಾನೆ, ಎರಡೂ ತೋಳು ತಲೆಯ ಮೇಲೆ ಕತ್ತರಿಯಾಡಿದರೆ ನಿಲ್ಲಿಸುತ್ತಾನೆ. ಪಾಸ್ ಪೂರ್ತಿಯಾಗದಿದ್ದಾಗ ಸೊಂಟದ ಮಟ್ಟದಲ್ಲಿ ಅಡ್ಡ ಬೀಸಿದರೂ ನಿಲ್ಲಿಸುತ್ತಾನೆ. ಅಂಚಿನ ಗೆರೆಯ ಹತ್ತಿರ ಓಟಗಾರ ಮೈದಾನದೊಳಗೇ ಬಿದ್ದು, ಆಮೇಲೆ ಉರುಳಿ ಗೆರೆ ದಾಟಿದ ಎನ್ನಿ. ಅಲ್ಲಿರುವ ಲೈನ್ ಜಡ್ಜ್ ತಕ್ಷಣ ಎರಡು ಮೂರು ಸುತ್ತು ದೊಡ್ಡದಾಗಿ ತೋಳು ಸುತ್ತಬೇಕು. ಎದುರಿನ ಅಂಚಿನಿಂದ ನೋಡಿದ ಇನ್ನೊಬ್ಬರಿಗೆ ಅವನು ಹೊರಗೆ ಹೋದಂತೆ ಕಂಡಿರುತ್ತದೆ. ಅವರು ಕತ್ತರಿ ಹಾಕಿದರೆ ಒಂದೇ ಆಟಕ್ಕೆ ಎರಡು ಉತ್ತರ, ಗಡಿಯಾರದವನು ಯಾರನ್ನು ನಂಬಬೇಕು? ಆದ್ದರಿಂದ ಚೆಂಡು ಯಾರ ಪಾಲಿನ ಜಾಗದಲ್ಲಿ ಸತ್ತಿತೋ ಅವರದೊಂದೇ ಕೈ ಮೊದಲು ಏಳಬೇಕು. ಗಡಿಯಾರ ನಿಲ್ಲಿಸುವ ಸನ್ನೆಯನ್ನು ಮಾತ್ರ ಉಳಿದವರು ಕಂಡು ಅನುಕರಿಸಬೇಕು, ಏಕೆಂದರೆ ಅದು ಎಷ್ಟು ಕಡೆಯಿಂದ ಕಂಡರೆ ಅಷ್ಟು ಒಳ್ಳೆಯದು.

ಗಡಿಯಾರದ ನಿಯಮವೂ ಮಟ್ಟದಿಂದ ಮಟ್ಟಕ್ಕೆ ಬೇರೆ. ಶಾಲಾ ಆಟದಲ್ಲಿ ಫಸ್ಟ್ ಡೌನ್ ಸಿಕ್ಕಾಗ ಗಡಿಯಾರ ನಿಲ್ಲುತ್ತದೆ, ಚೆಂಡು ಸಿದ್ಧವೆಂದು ರೆಫರಿ ತೋಳು ಸುತ್ತಿದಾಗ ಮತ್ತೆ ಓಡುತ್ತದೆ. ಕಾಲೇಜಿನಲ್ಲಿ 2023ರಿಂದ ಪ್ರತಿ ಅರ್ಧದ ಕೊನೆಯ ಎರಡು ನಿಮಿಷದಲ್ಲಿ ಮಾತ್ರ ಹೀಗೆ. ಎನ್‌ಎಫ್‌ಎಲ್‌ನಲ್ಲಿ ಇದು ಇಲ್ಲವೇ ಇಲ್ಲ. ಟಿವಿಯಲ್ಲಿ ಸೂಪರ್ ಬೌಲ್ ನೋಡಿ ಕಲಿತವರು ಶಾಲಾ ಮೈದಾನಕ್ಕಿಳಿದಾಗ ಎಡವುವುದು ಇಲ್ಲೇ. ರೆಫರಿಯ ‘ಸಿದ್ಧ’ ಸನ್ನೆಯಲ್ಲೂ ಎರಡು ಬಗೆ: ಗಡಿಯಾರ ಸ್ನ್ಯಾಪ್ ಆದಾಗ ಓಡಬೇಕಿದ್ದರೆ ಸೀಟಿಯೊಂದಿಗೆ ಕೈ ಮೇಲಿನಿಂದ ಕೆಳಕ್ಕೆ ಕಡಿದಂತೆ ಇಳಿಯುತ್ತದೆ, ಈಗಲೇ ಓಡಬೇಕಿದ್ದರೆ ಸೀಟಿಯೊಂದಿಗೆ ತೋಳು ಸುತ್ತುತ್ತದೆ. ಅಭ್ಯಾಸಬಲದಿಂದ ಪ್ರತಿ ಸಲವೂ ಸುತ್ತುವ ರೆಫರಿ, ಹಿಂದೆ ಬಿದ್ದು ಕೊನೆಯ ನಿಮಿಷದಲ್ಲಿ ಗೆಲ್ಲಲು ಹೆಣಗುತ್ತಿರುವ ತಂಡದ ಇಪ್ಪತ್ತು ಮೂವತ್ತು ಸೆಕೆಂಡುಗಳನ್ನು ತನಗರಿವಿಲ್ಲದೆ ಕಸಿದುಬಿಡುತ್ತಾನೆ. ಆ ಮಕ್ಕಳಿಗೆ ಆಗುವ ಅನ್ಯಾಯ ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ.

ಟಚ್‌ಡೌನ್ ಸನ್ನೆ ಎಲ್ಲರಿಗೂ ಪ್ರಿಯ. ಎರಡೂ ತೋಳು ನೆಟ್ಟಗೆ ಮೇಲೆ, ಅಂಗೈಗಳು ಒಂದಕ್ಕೊಂದು ಎದುರಾಗಿ. ಅಂಗೈಗಳು ತಲೆಯ ಮೇಲೆ ಕೂಡಿಕೊಂಡುಬಿಟ್ಟರೆ ಅದು ಸೇಫ್ಟಿ, ದಾಳಿ ತಂಡಕ್ಕೆ 6 ಅಂಕದ ಬದಲು ಎದುರಾಳಿಗೆ 2 ಅಂಕ. ಭುಜ ಬಿಗಿದುಕೊಂಡು ತೋಳು ಒಳಕ್ಕೆ ವಾಲಿದರೆ ದೂರಕ್ಕೆ ಎರಡೂ ಒಂದೇ ಆಗಿ ಕಾಣುತ್ತವೆ. ಈ ಸನ್ನೆಯನ್ನು ಯಾರೂ ಅನುಕರಿಸಬಾರದು. ಚೆಂಡು ಗೋಲ್ ರೇಖೆಯನ್ನು ಮುಟ್ಟಿದ್ದನ್ನು ಕಣ್ಣಾರೆ ಕಂಡವನೊಬ್ಬನೇ ಎತ್ತಬೇಕು. ಇಪ್ಪತ್ತು ಗಜ ದೂರದಲ್ಲಿದ್ದವನು ಇವನನ್ನು ನೋಡಿ ತಾನೂ ಎತ್ತಿದರೆ ಇವನ ತಪ್ಪಿಗೆ ಸುಳ್ಳು ಸಾಕ್ಷಿ ಸಿಕ್ಕಂತಾಯಿತು.

2012ರ ಸೆಪ್ಟೆಂಬರ್ 24ರ ರಾತ್ರಿ ಸಿಯಾಟಲ್‌ನಲ್ಲಿ ನಡೆದದ್ದನ್ನು ಇಲ್ಲಿ ನೆನೆಯಲೇಬೇಕು. ಎನ್‌ಎಫ್‌ಎಲ್‌ಗೂ ಕಾಯಂ ತೀರ್ಪುಗಾರರಿಗೂ ಹೊಸ ಒಪ್ಪಂದ ಕುದುರದೆ, ಬದಲಿ ತೀರ್ಪುಗಾರರು ಪಂದ್ಯ ನಡೆಸುತ್ತಿದ್ದ ದಿನಗಳವು. ಸೀಹಾಕ್ಸ್ ಮತ್ತು ಗ್ರೀನ್ ಬೇ ಪ್ಯಾಕರ್ಸ್ ನಡುವಿನ ಪಂದ್ಯದ ಕಟ್ಟಕಡೆಯ ಎಸೆತದಲ್ಲಿ ಗೋಲ್ ರೇಖೆಯಾಚೆಯ ಎಂಡ್ ಝೋನಿನೊಳಗೆ ಇಬ್ಬರು ಆಟಗಾರರು ಒಂದೇ ಚೆಂಡಿಗೆ ಜೋತುಬಿದ್ದರು. ಪಕ್ಕದಲ್ಲೇ ನಿಂತ ಇಬ್ಬರು ತೀರ್ಪುಗಾರರಲ್ಲಿ ಒಬ್ಬರು ಟಚ್‌ಡೌನ್ ಎಂದು ಎರಡೂ ಕೈ ಎತ್ತಿದರು, ಅದೇ ಕ್ಷಣದಲ್ಲಿ ಇನ್ನೊಬ್ಬರು ಗಡಿಯಾರ ನಿಲ್ಲಿಸುವಂತೆ ತಲೆಯ ಮೇಲೆ ತೋಳು ಬೀಸಿದರು. ಆ ಒಂದು ಚಿತ್ರ ಮರುದಿನ ಇಡೀ ದೇಶದಲ್ಲಿ ಓಡಾಡಿತು. ಸೀಹಾಕ್ಸ್ 14–12ರಿಂದ ಗೆದ್ದಿತು, ಎರಡೇ ದಿನದಲ್ಲಿ ಲೀಗ್ ಕಾಯಂ ತೀರ್ಪುಗಾರರೊಂದಿಗೆ ಒಪ್ಪಂದ ಮಾಡಿಕೊಂಡಿತು. ಚೆಂಡು ಯಾರದೆಂಬ ವಾದ ಇಂದಿಗೂ ಮುಗಿದಿಲ್ಲ. ಮೆಕ್ಯಾನಿಕ್ಸ್ ದೃಷ್ಟಿಯಿಂದ ಆದ ತಪ್ಪು ಮಾತ್ರ ಸ್ಪಷ್ಟ. ಇಬ್ಬರೂ ಪರಸ್ಪರ ಕಣ್ಣು ನೋಡಿರಲಿಲ್ಲ. ಎಂಡ್ ಝೋನಿನಲ್ಲಿ ಇಬ್ಬರಿದ್ದಾಗ ಚೆಂಡಿನತ್ತ ಓಡಿ, ಒಬ್ಬರ ಮುಖ ಒಬ್ಬರು ನೋಡಿ, ತಲೆಯಾಡಿಸಿ ಅಥವಾ ಹತ್ತಿರ ಬಂದು ಎರಡು ಮಾತಾಡಿ, ಆಮೇಲೆ ಕೈ ಎತ್ತುವುದಕ್ಕೆ ಮೂರು ನಾಲ್ಕು ಸೆಕೆಂಡು ಸಾಕು. ಆ ಹೊತ್ತು ಯಾರ ಆಸ್ತಿಯೂ ಮುಳುಗುವುದಿಲ್ಲ. ಚೆಂಡನ್ನು ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್ ವೇಳೆ ಇದನ್ನೇ ವಿಧಿಯಂತೆ ಪಾಲಿಸುತ್ತಾರೆ: ಕಂಬಗಳ ಕೆಳಗೆ ನಿಂತ ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಒಟ್ಟಿಗೆ ಒಂದೆರಡು ಹೆಜ್ಜೆ ಮುಂದೆ ಬಂದು, ಒಂದೇ ಸಲಕ್ಕೆ ಒಂದೇ ಸನ್ನೆ ಮಾಡುತ್ತಾರೆ.

ಫ್ಲ್ಯಾಗ್ ಎಸೆಯುವುದೂ ಸನ್ನೆಯೇ. ಸ್ನ್ಯಾಪ್ ಗೆರೆಯ ಫೌಲ್‌ಗಳಿಗೆ ಅದನ್ನು ನೇರ ಮೇಲಕ್ಕೆ ತೂರಬೇಕು, ಎಲ್ಲರಿಗೂ ಕಾಣಲಿ ಎಂದು. ಹೋಲ್ಡಿಂಗ್, ಪಾಸ್ ಇಂಟರ್‌ಫಿಯರೆನ್ಸ್‌ನಂಥ, ಆದ ಜಾಗ ಮುಖ್ಯವಾಗುವ ಫೌಲ್‌ಗಳಿಗೆ ಆ ಗಜದ ಗೆರೆಯತ್ತ ಎಸೆಯಬೇಕು. ಯಾವತ್ತೂ ಆಟಗಾರನತ್ತ ಅಲ್ಲ. 1999ರ ಡಿಸೆಂಬರ್ 19ರಂದು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಪಂದ್ಯದಲ್ಲಿ ತೂಕಕ್ಕೆಂದು ಸಣ್ಣ ಲೋಹದ ಗುಂಡು ತುಂಬಿದ್ದ ಫ್ಲ್ಯಾಗ್ ಆ ತಂಡದ ಆಟಗಾರ ಓರ್ಲ್ಯಾಂಡೊ ಬ್ರೌನ್ ಅವರ ಬಲಗಣ್ಣಿಗೆ ಬಡಿಯಿತು. ಅವರು ಮುಂದೆ ಮೂರು ಋತು ಆಡಲಾಗಲಿಲ್ಲ. ಯಾವ ಶಾಲೆಯಾದರೂ ಫ್ಲ್ಯಾಗ್ ಹೊಲಿಸುವುದಾದರೆ ಒಳಗೆ ಮರಳು ಅಥವಾ ಕಾಳು ಹಾಕಲಿ. ಗೋಲಿ, ಬೇರಿಂಗ್, ಕಲ್ಲು ಬೇಡವೇ ಬೇಡ.

ಫ್ಲ್ಯಾಗ್ ಜೊತೆಗೆ ಸೊಂಟದಲ್ಲಿ ಬೀನ್ ಬ್ಯಾಗ್ ಎಂಬ ಚಿಕ್ಕ ಚೀಲವೂ ಇರುತ್ತದೆ. ಅದು ಫೌಲ್ ಅಲ್ಲದ ಜಾಗಗಳಿಗೆ: ಚೆಂಡು ಕೈಜಾರಿದ ಜಾಗ, ಕಿಕ್ ಆದ ಚೆಂಡನ್ನು ಹಿಡಿದ ಜಾಗ. ಅದನ್ನು ಎಸೆಯುವುದಲ್ಲ, ಬೀಳಿಸುವುದು. ಪಾಸ್ ಹಿಡಿಯಬೇಕಾದವನು ತಾನಾಗಿ ಗೆರೆಯಾಚೆ ಕಾಲಿಟ್ಟರೆ ತೀರ್ಪುಗಾರ ತನ್ನ ಟೋಪಿಯನ್ನೇ ನೆಲಕ್ಕೆ ಹಾಕಿ ಗುರುತು ಮಾಡುತ್ತಾನೆ. ಸೀಟಿಯ ಬಗ್ಗೆ ಒಂದೇ ಮಾತು: ಚೆಂಡಿನ ಚರ್ಮ ಕಣ್ಣಿಗೆ ಬೀಳದೆ ಊದಬಾರದು. ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಓಡುವವರು ಬೆಚ್ಚಿಬಿದ್ದಾಗ ತಾವಾಗಿ ಊದಿಬಿಡುತ್ತಾರೆ, ಇನ್ನೂ ನಡೆಯುತ್ತಿದ್ದ ಆಟ ಅಲ್ಲಿಗೇ ಸಾಯುತ್ತದೆ. ಬೆರಳಿಗೆ ಕಟ್ಟಿಕೊಂಡರೆ ಬಾಯಿಗೆ ತರುವ ಅರ್ಧ ಸೆಕೆಂಡಿನಲ್ಲಿ ಬುದ್ಧಿ ಕೆಲಸ ಮಾಡುತ್ತದೆ.

ಪ್ರೇಕ್ಷಕರ ಗಮನಕ್ಕೇ ಬಾರದ ಮೌನ ಸನ್ನೆಗಳೂ ಪ್ರತಿ ಸ್ನ್ಯಾಪ್‌ಗೆ ಮುಂಚೆ ನಡೆಯುತ್ತಿರುತ್ತವೆ. ಡೌನ್ ಎಷ್ಟನೆಯದೆಂದು ಬೆರಳಲ್ಲಿ ತೋರಿಸುತ್ತಾರೆ. ಒಂದು, ಎರಡು, ಮೂರಕ್ಕೆ ಬೆರಳು, ನಾಲ್ಕನೆಯದಕ್ಕೆ ತಲೆಯ ಮೇಲೆ ಮುಷ್ಟಿ. ಮರೆಯದಿರಲೆಂದು ಮಣಿಕಟ್ಟಿನಿಂದ ಬರುವ ಎಲಾಸ್ಟಿಕ್ ಕುಣಿಕೆಯೊಂದನ್ನು ಡೌನ್‌ಗೆ ತಕ್ಕ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಾರೆ. ರೆಫರಿ ಮತ್ತು ಅಂಪೈರ್ ದಾಳಿ ತಂಡದ ಜನರನ್ನು ಎಣಿಸಿ, ದೊಡ್ಡ ಆಟಕ್ಕೆ ಬೇಕಾದ 11 ಸರಿ ಇದ್ದರೆ ಪರಸ್ಪರ ಮುಷ್ಟಿ ಚಾಚುತ್ತಾರೆ. ಅಂಚಿನ ತೀರ್ಪುಗಾರ ತನ್ನ ಬದಿಯ ಕೊನೆಯ ಆಟಗಾರ ಗೆರೆಯಿಂದ ಹಿಂದಿದ್ದರೆ ದಾಳಿ ತಂಡದ ಹಿಂಬದಿಯತ್ತ ತೋಳು ಚಾಚಿ ಎದುರಿನವನಿಗೆ ತಿಳಿಸುತ್ತಾನೆ. ಒಳ್ಳೆಯ ತಂಡವೆಂದರೆ ಇವುಗಳನ್ನು ಒಂದು ಸ್ನ್ಯಾಪ್‌ಗೂ ತಪ್ಪಿಸದವರು. 12 ಜನ ನಿಂತದ್ದು ಆಟ ಮುಗಿದ ಮೇಲೆ ಗೊತ್ತಾಗುವುದು ಎಣಿಕೆಯ ಮುಷ್ಟಿ ಬಿಟ್ಟುಹೋದ ದಿನವೇ.

ಅಭ್ಯಾಸಕ್ಕೆ ಕನ್ನಡಿ ಒಳ್ಳೆಯದು, ಮೊಬೈಲ್ ಅದಕ್ಕಿಂತ ಒಳ್ಳೆಯದು. ಐವತ್ತು ಮೀಟರ್ ದೂರದಲ್ಲಿ ಮೊಬೈಲ್ ನಿಲ್ಲಿಸಿ ಹತ್ತು ಸನ್ನೆ ಸಾಲಾಗಿ ಮಾಡಿ, ಧ್ವನಿ ಮುಚ್ಚಿ, ಆಟ ಗೊತ್ತಿರುವ ಇನ್ನೊಬ್ಬರಿಗೆ ತೋರಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೈ ಕೆಳಗಿದೆ, ಇಲ್ಲವೇ ಎರಡು ಸನ್ನೆ ಅಂಟಿಕೊಂಡಿವೆ. ವಿಡಿಯೊವನ್ನು ನಡುವೆ ಎಲ್ಲಿ ನಿಲ್ಲಿಸಿದರೂ ಪ್ರತಿ ಸನ್ನೆಯ ಒಂದು ಚಿತ್ರವಾದರೂ ಮಸುಕಿಲ್ಲದೆ ಸಿಗಬೇಕು. ಸಿಗದಿದ್ದರೆ ಕೈ ನಿಂತಿಲ್ಲವೆಂದೇ ಅರ್ಥ. ನಮ್ಮ ಊರುಗಳ ದೈಹಿಕ ಶಿಕ್ಷಕರಿಗೆ ಇದು ಹೊಸದಲ್ಲ, ಕಬಡ್ಡಿ, ವಾಲಿಬಾಲ್ ನಡೆಸಿದವರಿಗೆ ಸೀಟಿಯ ನಂತರದ ಆ ಒಂದು ಕ್ಷಣದ ಬೆಲೆ ಗೊತ್ತು. ಫ್ಲ್ಯಾಗ್ ಫುಟ್‌ಬಾಲ್ ಆಡಿಸಬೇಕೆಂದಿರುವ ಶಾಲೆಗಳು ಚೆಂಡು, ಪಟ್ಟಿ ಕೊಳ್ಳುವ ಮುಂಚೆ ಇಬ್ಬರು ಶಿಕ್ಷಕರಿಗೆ ಈ ಅಭ್ಯಾಸ ಮಾಡಿಸಲಿ. ಅಮೆರಿಕದಲ್ಲಿ ಶಾಲಾ ಪಂದ್ಯಗಳಿಗೆ ತೀರ್ಪುಗಾರರು ಸಾಲದೆ ಇರುವುದರಿಂದ ಅಲ್ಲಿನ ಕನ್ನಡಿಗರು ತಮ್ಮ ರಾಜ್ಯದ ತೀರ್ಪುಗಾರರ ಸಂಘದಲ್ಲಿ ಹೆಸರು ನೋಂದಾಯಿಸಿದರೆ ಕಲಿಸಿಕೊಡುವವರು ಇದ್ದಾರೆ.

ತಮ್ಮ ಪತ್ರಿಕೆಯಲ್ಲಿ ಸನ್ನೆಗಳ ಚಿತ್ರ ಬರುವುದಾದರೆ ಮೂರು ಕೋರಿಕೆಗಳಿವೆ. ಆಡುವ ಕೈಗೆ ಬಾಣದ ಗುರುತು ಹಾಕಿ, ಎಷ್ಟು ಸಲ ಎಂಬ ಸಂಖ್ಯೆ ಬರೆಯಿರಿ. ಜೋಡಿಯಾಗಿ ಬರುವ ಸನ್ನೆಗಳನ್ನು ಬೇರೆ ಬೇರೆ ಚೌಕದಲ್ಲಿಡದೆ, ಮಣಿಕಟ್ಟಿನ ಬಡಿತ ಮೊದಲು, ಕಾಲು ಅಥವಾ ಮುಖಕವಚ ಆಮೇಲೆ ಎಂದು ಒಂದೇ ಸಾಲಿನಲ್ಲಿ ಅಚ್ಚುಹಾಕಿ. ಟಚ್‌ಡೌನ್ ಚಿತ್ರದಲ್ಲಿ ಅಂಗೈಗಳು ಒಳಮುಖವಾಗಿಯೇ ಇವೆಯೇ ಎಂದು ದಯವಿಟ್ಟು ಒಮ್ಮೆ ನೋಡಿ. ಕ್ರಿಕೆಟ್ ಬರೆದು ರೂಢಿಯಾದ ಕಲಾವಿದರ ಕೈ ತಾನಾಗಿ ಸಿಕ್ಸರ್ ಬರೆದುಬಿಡುತ್ತದೆ, ತೋರುಬೆರಳು ಎತ್ತಿ.

ಇಂತಿ ತಮ್ಮ ವಿಶ್ವಾಸಿಗಳು,
ಶಾಲಾ ಫುಟ್‌ಬಾಲ್ ತೀರ್ಪುಗಾರಿಕೆಯಲ್ಲಿ ತೊಡಗಿರುವ ಕನ್ನಡಿಗ ಓದುಗರು,
ನ್ಯೂಜೆರ್ಸಿ